ಹಳೇ ಜೀಪಿಗೆ ಡೀಸೆಲ್ ಎಂಜಿನ್: ಐದು ಮಳೆಗಾಲ ಕಂಡ ತಾಮ್ರದ ರೇಡಿಯೇಟರ್

ನಮ್ಮದು ಪೆಟ್ರೋಲಿನ ಮಹೀಂದ್ರ ಸಿಜೆ-3ಬಿ ಜೀಪು. ಸಕಲೇಶಪುರದ ಹತ್ತಿರ ತೋಟದ ಕೆಲಸಕ್ಕೆ ಇವತ್ತಿಗೂ ಟ್ರೈಲರ್ ಎಳೆಯುತ್ತದೆ. 2.2 ಲೀಟರಿನ ಹರಿಕೇನ್ ಎಂಜಿನ್ ಇಳಿಸಿ ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ ಕೂರಿಸಿದೆವು. ಗೇರ್‌ಬಾಕ್ಸ್ ಜೋಡಿಸೋದಕ್ಕಿಂತ ಹೆಚ್ಚು ತಲೆ ತಿಂದದ್ದು ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಯಾವುದು ಅನ್ನೋ ಪ್ರಶ್ನೆ.

ಹೊಸ ಎಂಜಿನ್ 2112 ಸಿಸಿ, ಹಳೆಯದಕ್ಕಿಂತ ಚಿಕ್ಕದೇ. ಹಾಗಾಗಿ ಇದ್ದ ರೇಡಿಯೇಟರ್ ಸಾಕು ಅಂದವರೇ ಜಾಸ್ತಿ. ಆದರೆ ಈ ಎಂಜಿನ್‌ನಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಉರಿದು ಆಮೇಲೆ ಸಿಲಿಂಡರಿಗೆ ಇಳಿಯುತ್ತದೆ. ಡೀಸೆಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ, ಅಷ್ಟೇ ಅಳತೆಯ ಡಿಐ ಎಂಜಿನ್‌ಗಿಂತ ಇದು ನೀರಿಗೆ ಹೆಚ್ಚು ಬಿಸಿ ಕೊಡುತ್ತದೆ. ನಮ್ಮ ಓಡಾಟವೋ ಫಸ್ಟ್, ಸೆಕೆಂಡ್ ಗೇರಿನಲ್ಲಿ. ಎದುರುಗಾಳಿ ಸಿಗುವುದೇ ಇಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ಜೊತೆಗೆ ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ.

ಗುಜರಿಯಲ್ಲಿ ಮಹೀಂದ್ರದ್ದೇ ಇನ್ನೊಂದು ಜೀಪು ಎಂಎಂ 540ರ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತಿತ್ತು. ಹೊರಗಿಂದ ಚೆನ್ನಾಗಿದ್ದರೂ ಟ್ಯಾಂಕ್ ಬಿಚ್ಚದೆ ಟ್ಯೂಬಿನೊಳಗೆ ಎಷ್ಟು ಗಸಿ ಕಟ್ಟಿದೆ ಅಂತ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ತಂಪು ಮಾಡುವುದರಲ್ಲೂ ಕೊರತೆಯಿಲ್ಲ. ಆದರೆ ಟ್ಯಾಂಕ್ ಸೀಳಿದರೆ ನಮ್ಮೂರಲ್ಲಿ ರಿಪೇರಿ ಇಲ್ಲ, ಹೊಸದೇ ಗತಿ. ಕೊಯ್ಲಿನ ಕಾಲದಲ್ಲಿ ಜೀಪು ನಿಂತರೆ ಕೆಲಸವೇ ನಿಂತ ಹಾಗೆ. ಅದಕ್ಕೇ ಹಳೇ ಹಿತ್ತಾಳೆ ಟ್ಯಾಂಕುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಗೆ ಒಯ್ದು ನಡುವೆ ಹೊಸ ತಾಮ್ರದ ಕೋರ್ (ನೀರು ಹರಿದು ತಣಿಯುವ ಟ್ಯೂಬುಗಳ ಭಾಗ) ಹಾಕಿಸಿದೆ. ಗುಜರಿ ಮಾಲಿಗಿಂತ ದುಬಾರಿ, ಪೂರ್ತಿ ಹೊಸ ತಾಮ್ರದ ರೇಡಿಯೇಟರಿಗಿಂತ ಬಹಳ ಅಗ್ಗ.

ಅಲ್ಲಿನ ಹಿರಿಯ ಮೇಸ್ತ್ರಿ ನಾಲ್ಕು ಸಾಲು ಟ್ಯೂಬಿನ ಕೋರ್ ಬೇಡವೇ ಬೇಡ ಅಂದರು. "ಹಿಂದಿನ ಸಾಲಿಗೆ ಬಿಸಿಗಾಳಿಯೇ ಸಿಗೋದು ಸಾರ್, ಫ್ಯಾನಿಗೆ ಜಾಗಾನೂ ಇರಲ್ಲ." ಮೂರು ಸಾಲು ಹಾಕಿದರು, ಟ್ಯೂಬುಗಳ ನಡುವಿನ ತೆಳು ತಗಡಿನ ಫಿನ್ನುಗಳನ್ನು ಒತ್ತೊತ್ತಾಗಿ ಇಡದೆ ಸ್ವಲ್ಪ ಬಿಡಿಯಾಗಿ ಇಟ್ಟರು. ಕೆಂಪು ಕೆಸರಿನ ದಾರಿಗೆ ಇದೇ ಸರಿ. ಮೇಲಿನ ಹೋಸ್ ಪೈಪಿನ ಬಾಯಿಯನ್ನು ಕಾಯಿಸಿ ಬಿಡಿಸಿ, ಹೊಸ ಎಂಜಿನ್ನಿನ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ನೀರಿಗೆ ದಾರಿ ತೆರೆಯುವ ಕವಾಟ) ಇರುವ ಕಡೆಗೆ ತಿರುಗಿಸಿ ಮತ್ತೆ ಬೆಸುಗೆ ಹಾಕಿದರು. ಆಮೇಲೆ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಎದ್ದಿತು. ಅದನ್ನು ಮುಚ್ಚಿ, ಮತ್ತೆ ಮುಳುಗಿಸಿ ತೋರಿಸಿದ ಮೇಲೇ ದುಡ್ಡು ತಗೊಂಡರು.

ಇಷ್ಟಾದರೂ ಅರ್ಧ ಕೆಲಸ ಮಾಡಿದ್ದು ಶ್ರೌಡ್, ಅಂದರೆ ಫ್ಯಾನಿನ ಸುತ್ತ ಕೂರುವ ಕವಚ. ತಗಡಿನಲ್ಲಿ ಮಾಡಿಸಿ ಕೋರಿಗೆ ಒತ್ತಿಕೊಳ್ಳುವ ಹಾಗೆ ಕೂರಿಸಿದ ದಿನದಿಂದ ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಲೋಡು ಹೇರಿಕೊಂಡು ಹತ್ತಿದರೂ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿನ ಹತ್ತಿರ ಸುಳಿದಿಲ್ಲ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ತನ್ನ ಸುತ್ತಲಿನ ಬಿಸಿಗಾಳಿಯನ್ನೇ ತಿರುಗಿಸುತ್ತಾ ಕೂರುತ್ತದೆ. ಎಂಜಿನ್ ಬದಲಿಸಿದ ಎಷ್ಟೋ ಜೀಪುಗಳಲ್ಲಿ ಇದನ್ನು ಕಿತ್ತು ಮೂಲೆಗೆಸೆದಿರುತ್ತಾರೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ತೊಂದರೆ ಬರಲೇ ಇಲ್ಲ ಅಂತಲ್ಲ. ಎರಡನೇ ಮಳೆಗಾಲದಲ್ಲಿ ಪಕ್ಕದ ಬ್ರಾಕೆಟ್ ಹತ್ತಿರ ಬೆಸುಗೆ ಬಿಟ್ಟು ನೀರು ಜಿನುಗಿತು. ಗುಂಡಿಗಳಲ್ಲಿ ಚಾಸಿ ತಿರುಚಿಕೊಂಡಾಗ ಆ ಎಳೆತ ನೇರವಾಗಿ ರೇಡಿಯೇಟರಿಗೇ ಬೀಳುತ್ತಿತ್ತು. ಊರಿನ ಬೆಸುಗೆಯವರೇ ಒಂದು ಮಧ್ಯಾಹ್ನದಲ್ಲಿ ಸರಿಮಾಡಿ ಕೆಳಗೆ ದಪ್ಪ ರಬ್ಬರ್ ಬುಷ್ ಕೊಟ್ಟರು. ಅಲ್ಲಿಂದೀಚೆಗೆ ಹನಿ ಸೋರಿಲ್ಲ.

ರೇಡಿಯೇಟರಿನೊಳಗೆ ಒತ್ತಡ ಹಿಡಿದಿಡುವ ಮುಚ್ಚಳದ, ಅಂದರೆ ಕ್ಯಾಪ್ ವಿಷಯ ಎಚ್ಚರ. ಒತ್ತಡ ಒಂದು ಪಿಎಸ್‌ಐ ಏರಿದರೆ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ ನಿಜ, ಆದರೆ ಹಳೇ ಟ್ಯಾಂಕು ತಡೆಯುವಷ್ಟೇ ಒತ್ತಡದ ಕ್ಯಾಪ್ ಇರಲಿ. ಬೋರ್‌ವೆಲ್ ನೀರು ಹಾಕಲೇಬೇಡಿ, ಅದರ ಸುಣ್ಣ ಟ್ಯೂಬಿನೊಳಗೆ ಕಟ್ಟಿಕೊಳ್ಳುತ್ತದೆ. ನಾನು ಹಾಕುವುದು ಡಿಸ್ಟಿಲ್ಡ್ ವಾಟರ್ ಮತ್ತು ತಾಮ್ರ, ಹಿತ್ತಾಳೆಗೆ ಒಗ್ಗುವ ಕೂಲೆಂಟ್. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ಫಿನ್ನಿನ ಕೆಸರು ತೆಗೆಯುತ್ತೇವೆ. ಪ್ರೆಶರ್ ವಾಷರ್ ಹಿಡಿದರೆ ಫಿನ್ನು ಮಡಚಿಹೋಗುತ್ತದೆ.

ಹೆಚ್ಚಾಗಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅಲ್ಯೂಮಿನಿಯಮ್ಮೇ ಸಾಕು. ತೋಟ, ಘಾಟಿ, ಟ್ರೈಲರ್ ಅನ್ನುವವರು ತಾಮ್ರದ ಕೋರ್ ಹಾಕಿಸಿ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ತಗೊಂಡು ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸಿ.