ಮೂರೂವರೆ ವರ್ಷ ಬಳಸಿದ ಯುಎಸ್‌ಬಿ ಮೈಕ್, ಮತ್ತು ಅದರ ದನಿ ಕುಗ್ಗಿದ ಒಂದು ತಿಂಗಳು

ಈ ಮೈಕ್ ತಗೊಂಡು ಮೂರೂವರೆ ವರ್ಷ ಆಯಿತು. ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ ಕೊಟ್ಟಿದ್ದೆ. ಕಂಡೆನ್ಸರ್ ಮೈಕ್, ಜೊತೆಗೊಂದು ಪುಟ್ಟ ಸ್ಟ್ಯಾಂಡ್. ನಾನು ಹಾಡುವವಳಲ್ಲ. ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ. ವಾರಕ್ಕೆ ಎರಡು ಪಾಠ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಡ್ರೈವರ್ ಗೀವರ್ ಏನೂ ಬೇಡ, ಚುಚ್ಚಿದರೆ ಸಾಕು. ದನಿ ತುಂಬಿಕೊಂಡು ಬರುತ್ತದೆ. ತೊಂದರೆ ಏನೆಂದರೆ ಇದಕ್ಕೆ ಕಿವಿ ಜಾಸ್ತಿ. ಕುಕ್ಕರ್ ಸೀಟಿ, ಪಕ್ಕದ ಮನೆ ಮಿಕ್ಸಿ, ನಮ್ಮ ಶಿವಮೊಗ್ಗದ ಮಳೆ ಶೀಟಿನ ಮೇಲೆ ಬೀಳುವ ಸದ್ದು, ಎಲ್ಲವೂ ಪಾಠದೊಳಗೆ. ಇನ್ನು ಮಹಾಪ್ರಾಣ ಬಂದರಂತೂ ಮುಗೀತು. ‘ಫಲ’, ‘ಭಾರ’ ಅಂದಾಗೆಲ್ಲ ಉಸಿರು ಬಡಿದು ‘ಧಬ್’ ಅನ್ನುತ್ತಿತ್ತು. ಸ್ಪಂಜಿನ ಟೋಪಿ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟ ಮೇಲೆ ಸರಿಹೋಯಿತು.

ಹೀಗೆ ಚೆನ್ನಾಗಿ ನಡೆಯುತ್ತಿರುವಾಗ ಲ್ಯಾಪ್‌ಟಾಪಿನ ಲಿನಕ್ಸನ್ನು (ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹೊಸ ಆವೃತ್ತಿಗೆ ಏರಿಸಿದೆ. ಮಾರನೇ ದಿನ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿ ತೆರೆದು ಓದಿದರೆ, ಅಲೆಗಳ ಜಾಗದಲ್ಲಿ ನೂಲಿನ ಎಳೆಯಂಥ ಒಂದು ಗೆರೆ. ಮೊದಲು ದನಿ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟುತ್ತಿತ್ತು. ಈಗ ಮೈನಸ್ 30. (ಇಲ್ಲಿ ಸೊನ್ನೆಯೇ ಗರಿಷ್ಠ, ಅದರಿಂದ ಕೆಳಗಿಳಿದಷ್ಟೂ ದನಿ ಸಣ್ಣದು.)

ಸೆಟ್ಟಿಂಗ್ಸ್ ನೋಡಿದೆ. ಮೈಕ್ ವಾಲ್ಯೂಮ್ ನೂರಕ್ಕೆ ನೂರು! ಮತ್ತಿನ್ನೇನು ಮಾಡೋದು ಹೇಳಿ? ರೆಕಾರ್ಡ್ ಆದ ಮೇಲೆ ಆಂಪ್ಲಿಫೈ ಒತ್ತಿ 18 ಡೆಸಿಬೆಲ್ ಎತ್ತಿದೆ. ಅಂದರೆ ಸುಮಾರು ಎಂಟು ಪಟ್ಟು. ದನಿಯ ಜೊತೆ ‘ಸೂ...’ ಅನ್ನುವ ಸದ್ದೂ ಎಂಟು ಪಟ್ಟಾಯಿತು. ಅದನ್ನು ತೆಗೆಯಲು ನಾಯ್ಸ್ ರಿಡಕ್ಷನ್ ಹಾಕಿದೆ. ನಾಲ್ಕು ಪಾಠ ಹಾಗೇ ಕಳಿಸಿದೆ. ಆಮೇಲೆ ಒಬ್ಬ ಹುಡುಗ ಫೋನ್ ಮಾಡಿ ಕೇಳಿದ, ‘ಅಕ್ಕಾ, ಅದು ಹೊಳೆನಾ ಒಳೆನಾ?’

ನನಗೆ ನಗು ಬಂತು, ಆಮೇಲೆ ಬೇಜಾರಾಯಿತು. ಹಕಾರ ಅಂದರೆ ಬರೀ ಉಸಿರು ತಾನೇ? ಸದ್ದು ತೆಗೆಯುವ ಫಿಲ್ಟರ್ ಅದನ್ನೂ ಸದ್ದು ಅಂದುಕೊಂಡು ನುಂಗಿಹಾಕಿತ್ತು. ಹಸು ‘ಅಸು’ ಆಗಿತ್ತು, ಹಳ್ಳಿ ‘ಅಳ್ಳಿ’ ಆಗಿತ್ತು. ಕಿವಿಯಿಂದಲೇ ಕಾಗುಣಿತ ಕಲಿಯುವ ಮಕ್ಕಳಿಗೆ ಇದು ಸಣ್ಣ ತಪ್ಪಲ್ಲ.

ಮಾರಿದವರನ್ನು ಕೇಳಿದರೆ, ವಾರಂಟಿ ಮುಗಿದಿದೆ, ಹೊಸದು ತಗೊಳ್ಳಿ ಅಂದರು. ತಗೊಂಡೇಬಿಡುತ್ತಿದ್ದೆನೇನೋ. ಅದೃಷ್ಟಕ್ಕೆ ತಮ್ಮ ಬಂದಿದ್ದ. ಅವನ ಲ್ಯಾಪ್‌ಟಾಪಿಗೆ ಚುಚ್ಚಿ ಮಾತಾಡಿದೆ. ದನಿ ಮೊದಲಿನಂತೆ ಗಟ್ಟಿಯಾಗಿ ಬಂತು. ಮೈಕಿಗೆ ಏನೂ ಆಗಿಲ್ಲ ಅಂತ ಗೊತ್ತಾಗಿದ್ದೇ ಆಗ. ಈ ಐದು ನಿಮಿಷದ ಕೆಲಸ ಮೊದಲ ದಿನವೇ ಮಾಡಬೇಕಿತ್ತು ನಾನು.

ಆಗಿದ್ದಿಷ್ಟು. ಯುಎಸ್‌ಬಿ ಮೈಕಿನ ಒಳಗೇ ಒಂದು ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ. ಅದಕ್ಕೆ ಅದರದ್ದೇ ಮಟ್ಟ. ಕಂಪ್ಯೂಟರಿನ ಸಾಫ್ಟ್‌ವೇರ್ ಮಟ್ಟ ಬೇರೆ. ಬೀದಿಯ ವಾಲ್ವನ್ನು ನೀರುಗಂಟಿ ಕಾಲುಭಾಗ ಮಾತ್ರ ತಿರುಗಿಸಿದ್ದರೆ, ನಾವು ಅಡುಗೆಮನೆ ನಲ್ಲಿಯನ್ನು ಎಷ್ಟು ತಿರುವಿದರೂ ಸಣ್ಣ ಧಾರೆಯೇ ಅಲ್ವಾ? ಲಿನಕ್ಸಿನ ಹಳೇ ಆವೃತ್ತಿಯಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದುದು ಪಲ್ಸ್‌ಆಡಿಯೊ ಅನ್ನುವ ಸಾಫ್ಟ್‌ವೇರ್. ಹೊಸದರಲ್ಲಿ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಈ ಬದಲಾವಣೆಯಲ್ಲಿ ಮೈಕಿನ ಒಳಗಿನ ಮಟ್ಟ ಕೆಳಗೇ ಉಳಿದುಬಿಟ್ಟಿತ್ತು. ನನ್ನ ಸ್ಲೈಡರ್ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು, ಸೌಂಡ್ ಕಾರ್ಡಿನ ಒಳಗಿನ ಮಟ್ಟ ತೋರಿಸುವ ‘ಆಲ್ಸಾಮಿಕ್ಸರ್’ (alsamixer) ಓಡಿಸಿದೆ. ಎಫ್6 ಒತ್ತಿ ಪಟ್ಟಿಯಲ್ಲಿ ಮೈಕನ್ನು ಆರಿಸಿದೆ, ಎಫ್4 ಒತ್ತಿ ಕ್ಯಾಪ್ಚರ್‌ಗೆ, ಅಂದರೆ ರೆಕಾರ್ಡಿಂಗ್ ಮಟ್ಟಕ್ಕೆ ಹೋದೆ. ಅಲ್ಲೊಂದೇ ಒಂದು ಕಂಬ, 23ರಲ್ಲಿ ಕೂತಿತ್ತು. ಮೇಲ್ಬಾಣದ ಕೀ ಒತ್ತಿ 80ಕ್ಕೆ ತಂದೆ. ಅಷ್ಟೇ! ಪೂರ್ತಿ 100 ಮಾಡಿದರೆ ಗಟ್ಟಿ ದನಿ ಒಡೆಯುತ್ತದೆ, ಅದು ಬೇಡ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದಾಗ ಮತ್ತೆ 23ಕ್ಕೆ ಇಳಿದಿತ್ತು. ಮೈಕ್ ಚುಚ್ಚಿಕೊಂಡೇ ಟರ್ಮಿನಲ್‌ನಲ್ಲಿ ‘ಸುಡೊ ಆಲ್ಸಾಸಿಟಿಎಲ್ ಸ್ಟೋರ್’ (sudo alsactl store) ಕೊಟ್ಟ ಮೇಲೆ ನೆನಪಿಟ್ಟುಕೊಂಡಿತು. ವಿಂಡೋಸ್ ಇರುವವರು ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೆಕಾರ್ಡಿಂಗ್, ಪ್ರಾಪರ್ಟೀಸ್, ಲೆವೆಲ್ಸ್ ಅಂತ ಹೋಗಿ ನೋಡಿ.

ಇನ್ನೊಂದು ಮಾತು. ಕೆಲವು ವಿಡಿಯೊ ಕಾಲ್ ಆ್ಯಪ್‌ಗಳು ಮೈಕಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ಕಾಲ್ ಮುಗಿದ ಮೇಲೂ ಹಾಗೇ ಬಿಟ್ಟುಹೋಗುತ್ತವೆ. ಆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಆಟೊ ವಾಲ್ಯೂಮ್ ಆಫ್ ಮಾಡಿಕೊಳ್ಳಿ.

ಆ ನಾಲ್ಕೂ ಪಾಠಗಳನ್ನು ಮತ್ತೆ ಓದಿ ಕಳಿಸಿದೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ದನಿಗಲ್ಲ, ಕೇಬಲ್ ಸೇರುವ ಸಾಕೆಟ್‌ಗೆ. ಮೂರನೇ ವರ್ಷಕ್ಕೇ ಸಡಿಲವಾಗಿದೆ. ಓದುವಾಗ ಕೇಬಲ್ ಅಲ್ಲಾಡದಿರಲಿ ಅಂತ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿದ್ದೇನೆ.