ವ್ಯಾನಿನಲ್ಲಿ ಮಲಗಲು ಎಲ್ಲಿ ನಿಲ್ಲಿಸಬೇಕು: ಹಿನ್ನೀರಿನ ದಡವೋ, ಬಂಕೋ, ದೇವಸ್ಥಾನದ ಬಯಲೋ?

ಟ್ರ್ಯಾಕ್ಟರಿನವರಿಗೆ 1500 ರೂಪಾಯಿ ಎಣಿಸಿ ಕೊಟ್ಟ ಬೆಳಿಗ್ಗೆಯೇ ನನ್ನ ಮತ ದೇವಸ್ಥಾನದ ಬಯಲಿಗೆ ಬಿದ್ದುಹೋಯಿತು. ಉಳಿದ ಜಾಗಗಳಿಗೂ ನ್ಯಾಯ ಸಲ್ಲಿಸಲು ನೋಡುತ್ತೇನೆ. ಆದರೆ ತೀರ್ಪು ಆಗಲೇ ಬರೆದಿಟ್ಟಾಗಿದೆ.

ನಮ್ಮದು ಹಳೆಯ ಮಾರುತಿ ಈಕೋ. ಹಿಂದಿನ ಸೀಟು ಮಡಚಿ ಮೇಲೊಂದು ಪ್ಲೈವುಡ್ ಹಲಗೆ, ಅದರ ಮೇಲೆ ಹತ್ತಿ ಹಾಸಿಗೆ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕು. ಶೌಚಾಲಯವಿಲ್ಲ. ಈ ಒಂದು ಕೊರತೆಯೇ ಅರ್ಧ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ಹೆಂಡತಿಗೆ ಮೊದಲ ದಿನವೇ ಗೊತ್ತಿತ್ತು, ನನಗೆ ತಡವಾಗಿ ತಿಳಿಯಿತು.

ಮೊದಲು ಹಿನ್ನೀರು, ಏಕೆಂದರೆ ಎಲ್ಲರೂ ಚಿತ್ರ ನೋಡಿ ಮರುಳಾಗುವುದು ಅದಕ್ಕೇ. ನಾವು ಮರುಳಾದದ್ದು ಸಾಗರದ ಆಚೆಯ ಶರಾವತಿ ಹಿನ್ನೀರಿಗೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಮುಳುಗಿದ ಮರಗಳ ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಕಪ್ಪಗೆ ತಲೆ ಎತ್ತುತ್ತವೆ. ಮಾರ್ಚ್ ತಿಂಗಳ ಸಂಜೆ, ಬಿಸಿಲಿಗೆ ಬಿರುಕು ಬಿಟ್ಟ ದಡ, ದನ ಮೇದು ಹೋದ ಗುರುತು. ಕಾಲಿನಿಂದ ಒದ್ದು ನೋಡಿದೆ, ಗಟ್ಟಿಯಾಗಿತ್ತು. “ರಸ್ತೆಯ ಹತ್ತಿರವೇ ಇರೋಣ ರೀ” ಎಂದಳು ಇವಳು. ನೀರು ಕಾಣುವುದಿಲ್ಲವೆಂದು ಇನ್ನೂ ನೂರು ಮಾರು ಕೆಳಗೆ ಇಳಿಸಿದೆ.

ರಾತ್ರಿ ಒಂದು ಗಂಟೆಯ ಸುಮಾರಿಗೆ ಸ್ಟೀಲ್ ಚೊಂಬು ತಾನಾಗಿ ಉರುಳಿ ಬಾಗಿಲಿಗೆ ಬಡಿಯಿತು. ಎದ್ದು ಕುಳಿತರೆ ಇಬ್ಬರೂ ಎಡಕ್ಕೆ ಜಾರುತ್ತಿದ್ದೇವೆ. ಟಾರ್ಚ್ ಹಿಡಿದು ಇಳಿದೆ. ಹಿಂದಿನ ಎಡಗಾಲಿ ಅರ್ಧ ಹೂತಿತ್ತು. ಈಕೋದಲ್ಲಿ ಎಂಜಿನ್ನಿನ ಎಳೆತ ಬರುವುದು ಹಿಂದಿನ ಗಾಲಿಗಳಿಗೆ. ನಮ್ಮ 40 ಲೀಟರ್ ನೀರು, ಬ್ಯಾಟರಿ, ಒಲೆ ಎಲ್ಲವೂ ಇದ್ದದ್ದು ಆ ಗಾಲಿಗಳ ಮೇಲೆಯೇ. ಗಾಡಿ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ್ದು ಎರಡನೆಯ ತಪ್ಪು. ಗಾಲಿ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಕಾಲು ಹಾಸಲು ಇಟ್ಟಿದ್ದ ಚಾಪೆ ತುರುಕಿದೆ, ಕಲ್ಲು ತುರುಕಿದೆ, ಕೊನೆಗೆ ಮಂಡಿಯವರೆಗೆ ಕೆಸರು ಬಳಿದುಕೊಂಡು ಸುಮ್ಮನೆ ಕುಳಿತೆ. ಕಳ್ಳರ ಭಯ ಇರಲಿಲ್ಲ, ಕಾಡುಪ್ರಾಣಿಯ ಭಯವೂ ಅಷ್ಟಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ನಾವಿಲ್ಲಿದ್ದೇವೆ ಎಂದು ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ ಎಂಬುದು ಮಾತ್ರ ಬೆಳಗಾಗುವವರೆಗೆ ಕೊರೆಯಿತು.

ಬೆಳಿಗ್ಗೆ ಎರಡು ಮೈಲಿ ನಡೆದು ಕರೆತಂದ ಟ್ರ್ಯಾಕ್ಟರಿನ ಹಿರಿಯರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. “ನೀರು ಇಳಿದ ನೆಲ ಮಾರಾಯರೇ. ಮೇಲೆ ಹಪ್ಪಳ, ಒಳಗೆ ಪಾಯಸ.” ಹಗ್ಗ ಕಟ್ಟಿ ಐದೇ ನಿಮಿಷದಲ್ಲಿ ಎಳೆದರು. ಅಲ್ಲಿ ಮೂಡಿದ ಸೂರ್ಯ ಚೆನ್ನಾಗಿದ್ದನಂತೆ. ನಾನು ನೋಡಲಿಲ್ಲ.

ಅಣೆಕಟ್ಟಿನ ಕೆಳಗಿನ ಹೊಳೆದಂಡೆಯಂತೂ ಲೆಕ್ಕಕ್ಕೇ ಬೇಡ. ಮೇಲೆ ಗೇಟು ತೆರೆದರೆ ಮಳೆಯಿಲ್ಲದೆಯೂ ನೀರು ಏರುತ್ತದೆ.

ಕಡಲ ದಂಡೆ: ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ನೋಡಲು ಅದಕ್ಕೆ ಸಾಟಿಯಿಲ್ಲ. ಮಲಗಲು ಕಿಟಕಿ ಮುಚ್ಚಿದರೆ ಬೆವರು, ತೆರೆದರೆ ಸೊಳ್ಳೆ. ಹನ್ನೊಂದಕ್ಕೆ ಗಸ್ತಿನವರು ಬಂದು ಗಾಜು ತಟ್ಟಿ, ಸೌಜನ್ಯದಿಂದಲೇ, ಬೇರೆ ಕಡೆ ಹೋಗಿ ಎಂದರು. ಹೋದೆವು.

ಪೆಟ್ರೋಲ್ ಬಂಕ್ ನನ್ನ ಎರಡನೆಯ ಆಯ್ಕೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಒಮ್ಮೆ ಗೇಟು ಹಾಕಿದ ಹತ್ತು ನಿಮಿಷಕ್ಕೆ ತಲುಪಿ, ಗುಂಡ್ಲುಪೇಟೆಯ ಕಡೆಗೆ ಹಿಂದಿರುಗಿ ಬಂಕೊಂದರ ಮೂಲೆಯಲ್ಲಿ ನಿಂತೆವು. ಮೊದಲು ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿ ಆಮೇಲೆ ಅನುಮತಿ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಬೆಳಕಿದೆ, ಕ್ಯಾಮೆರಾ ಇದೆ, ಶೌಚಾಲಯವಿದೆ, ರಾತ್ರಿಯೆಲ್ಲ ಎದ್ದಿರುವ ಹುಡುಗರಿದ್ದಾರೆ. ಆದರೆ ಒಲೆ ಹಚ್ಚುವಂತಿಲ್ಲ, ಅದು ಸರಿಯೇ. ಕಾಫಿಯಿಲ್ಲದೆ ಕಣ್ಣು ಬಿಡದ ನನ್ನಂಥವನಿಗೆ ಅದೇ ಶಿಕ್ಷೆ. ಪಕ್ಕಕ್ಕೆ ಮೀನಿನ ಲಾರಿ ಬಂದು ನಿಂತರೆ ಅದರ ಶೀತಯಂತ್ರ ಬೆಳಗಿನವರೆಗೂ ಗುರುಗುಡುತ್ತದೆ.

ಇನ್ನು ದೇವಸ್ಥಾನ. ಧರ್ಮಸ್ಥಳ, ಕೊಲ್ಲೂರಿನಂಥ ದೊಡ್ಡ ಕ್ಷೇತ್ರಗಳ ವಾಹನ ನಿಲ್ದಾಣವೂ ಆದೀತು, ಆದರೆ ಅಲ್ಲಿ ಬಸ್ಸುಗಳ ಗದ್ದಲ. ನನಗೆ ಹಿಡಿಸಿದ್ದು ಪಕ್ಕದಲ್ಲೇ ಅರ್ಚಕರ ಮನೆಯಿರುವ, ಅಂಗಳದಲ್ಲಿ ನಲ್ಲಿಯಿರುವ ಊರ ದೇವಸ್ಥಾನ. ಕತ್ತಲಾಗುವ ಮೊದಲೇ ತಲುಪಬೇಕು. ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದು ಬಂದ ಮೇಲೆಯೇ ಕೇಳಬೇಕು: “ಭಟ್ಟರೇ, ಇವತ್ತೊಂದು ರಾತ್ರಿ ಗಾಡಿ ಇಲ್ಲಿ ನಿಲ್ಲಿಸಬಹುದೇ?” ಸಿದ್ದಾಪುರದ ಕಡೆ ನಮಗೆ ಸಿಕ್ಕ ಉತ್ತರ, “ನಿಲ್ಲಿಸಿ. ಊಟ ಆಯಿತೇ?” ಅರ್ಧ ಗಂಟೆಯಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತ್ತು, ಮೂವರು ಬಂದು ಯಾವ ಊರು, ಎಷ್ಟು ಮಕ್ಕಳು ಎಂದು ವಿಚಾರಿಸಿ ಹೋದರು. ಹಿನ್ನೀರಿನಲ್ಲಿ ನಮಗಿಲ್ಲದಿದ್ದ ಕಾವಲು ಇದೇ. ಗಾಡಿಯ ಮೂತಿ ಮಾತ್ರ ಯಾವಾಗಲೂ ರಸ್ತೆಯ ಕಡೆಗೇ ಇಡುತ್ತೇನೆ.

ಖರ್ಚು ಹುಂಡಿಗೆ ಹಾಕಿದ ನೂರು ರೂಪಾಯಿ. ಮೊಟ್ಟೆ ಬೇಯಿಸುವಂತಿಲ್ಲ, ಐದು ಗಂಟೆಗೆ ಧ್ವನಿವರ್ಧಕದಲ್ಲಿ ಸುಪ್ರಭಾತ ಏಳುತ್ತದೆ. ನಾನು ಹೇಗೂ ಐದಕ್ಕೆ ಏಳುವವನು. ಎಂಟರವರೆಗೆ ಮಲಗುವವರಿಗೆ, ಹೋದಲ್ಲೆಲ್ಲ ಜನರ ಪ್ರಶ್ನೆಗೆ ಉತ್ತರಿಸಲು ಬೇಸರಪಡುವವರಿಗೆ ಬಂಕೇ ಒಳ್ಳೆಯದು.

ಒಮ್ಮೆ ಮಾತ್ರ ಪೇಚಿಗೆ ಸಿಕ್ಕಿದೆವು. ಕುಂದಾಪುರದ ಒಳಗಿನ ಹಳ್ಳಿಯೊಂದರಲ್ಲಿ ಬಯಲಿನ ಮೂಲೆಯಲ್ಲಿ ಕಂಬ ನೆಡುತ್ತಿದ್ದವರನ್ನು ನೋಡಿಯೂ ಏನೆಂದು ಕೇಳಲಿಲ್ಲ. ಒಂಬತ್ತೂವರೆಗೆ ಚೆಂಡೆ ಶುರುವಾಯಿತು. ಹರಕೆಯ ಯಕ್ಷಗಾನದ ಆಟ, ಬೆಳಗಿನವರೆಗೆ. ಇವಳು ಚಾಪೆ ತೆಗೆದುಕೊಂಡು ಹೋಗಿ ರಂಗಸ್ಥಳದ ಮುಂದೆ ಕುಳಿತಳು, ನಾನು ಎರಡು ಗಂಟೆಯವರೆಗೆ ಕಿವಿ ಮುಚ್ಚಿಕೊಂಡು ಹೊರಳಾಡಿ ಕೊನೆಗೆ ಅವಳ ಪಕ್ಕ ಹೋಗಿ ಕುಳಿತೆ. ಮುಂದಿನ ತಿಂಗಳು ಬನವಾಸಿಯ ಕಡೆ ಹೊರಟಿದ್ದೇವೆ. ಸುತ್ತಮುತ್ತ ಎಲ್ಲಿ ಏನು ಉತ್ಸವವಿದೆ ಎಂದು ಈ ಸಲ ಮೊದಲೇ ವಿಚಾರಿಸಲು ಹೊರಟರೆ, ಇವಳು ಬೇಡ ಎನ್ನುತ್ತಿದ್ದಾಳೆ.