ಕ್ರಾಸ್‌ಬೋ ಜಿಂಕೆ ಬೇಟೆಗೆ ಮೆಕ್ಯಾನಿಕಲ್ ಬ್ರಾಡ್‌ಹೆಡ್: ಅಲಗಿನ ಅಗಲಕ್ಕಿಂತ ಮೊದಲು ನೋಡಬೇಕಾದದ್ದು

ಅಮೆರಿಕದಲ್ಲಿ ಮಾರಾಟವಾಗುವ ಮೆಕ್ಯಾನಿಕಲ್ ಬ್ರಾಡ್‌ಹೆಡ್‌ಗಳ (ಹಾರುವಾಗ ಅಲಗು ಮಡಚಿಕೊಂಡಿದ್ದು, ಗುರಿಗೆ ತಾಗಿದಾಗ ಬಿಚ್ಚಿಕೊಳ್ಳುವ ಬಾಣದ ಮೊನೆಗಳ) ಪೊಟ್ಟಣದ ಮೇಲೆ ಎದ್ದು ಕಾಣುವ ಅಂಕಿಯೆಂದರೆ ಅಲಗುಗಳು ಪೂರ್ತಿ ಬಿಚ್ಚಿಕೊಂಡಾಗಿನ ಅಗಲ: ಒಂದೂವರೆ ಇಂಚು, 2 ಇಂಚು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಕ್ರಾಸ್‌ಬೋ (ಬಂದೂಕಿನಂತೆ ಕುದುರೆ ಎಳೆದು ಹೊಡೆಯುವ ಅಡ್ಡಬಿಲ್ಲು) ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಡುವವರು ಈ ಅಂಕಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಡಚಿದ ಅಲಗುಗಳನ್ನು ಬೋಲ್ಟ್ (ಕ್ರಾಸ್‌ಬೋದ ಗಿಡ್ಡ ಬಾಣ) ಗುರಿ ಮುಟ್ಟುವವರೆಗೆ ಯಾವುದು ಹಿಡಿದಿಟ್ಟಿರುತ್ತದೆ, ಆ ಹಿಡಿತ ನಮ್ಮ ಬಿಲ್ಲಿನ ವೇಗವನ್ನು ತಾಳಿಕೊಳ್ಳುತ್ತದೆಯೇ ಎಂಬುದೇ ಇಲ್ಲಿ ಮೊದಲ ಪ್ರಶ್ನೆ.

ಕೈಯಿಂದ ಹೆದೆ ಎಳೆದು ಹಿಡಿಯುವ, ರಾಟೆಗಳುಳ್ಳ ಕಾಂಪೌಂಡ್ ಬಿಲ್ಲಿಗಿಂತ ಕ್ರಾಸ್‌ಬೋದಲ್ಲಿ ಹೆದೆ ಬೋಲ್ಟನ್ನು ತಳ್ಳುವ ದೂರ ಕಡಿಮೆ. ಆ ಗಿಡ್ಡ ಓಟದಲ್ಲೇ ಬೋಲ್ಟ್ ಸೆಕೆಂಡಿಗೆ 400 ಅಡಿಯಷ್ಟು ವೇಗ ಪಡೆಯಬೇಕಾಗುತ್ತದೆ. ಬೋಲ್ಟ್ ಹಾಗೆ ಏಕಾಏಕಿ ಮುಂದಕ್ಕೆ ನೆಗೆದಾಗ ಅಲಗುಗಳು ಜಡತ್ವದಿಂದ ಹಿಂದಕ್ಕೆ ಸರಿಯಲು ಹವಣಿಸುತ್ತವೆ. ಮೆಕ್ಯಾನಿಕಲ್ ಬ್ರಾಡ್‌ಹೆಡ್‌ಗಳಲ್ಲಿ ಅಲಗು ತೆರೆದುಕೊಳ್ಳುವುದೂ ಹಿಂದಕ್ಕೇ. ಹಿಡಿತ ಸಡಿಲವಾಗಿದ್ದರೆ ಒಂದು ಅಲಗು ಹಾರಾಟದಲ್ಲೇ ಬಿಚ್ಚಿಕೊಂಡು, ಗಾಳಿ ಹಿಡಿದು, ಬೋಲ್ಟ್ ದಾರಿ ತಪ್ಪುತ್ತದೆ. 20 ಗಜದಲ್ಲಿ ಇದು ಗಮನಕ್ಕೆ ಬಾರದೆಯೂ ಹೋಗಬಹುದು. 40 ಗಜದಲ್ಲಿ ಶ್ವಾಸಕೋಶಕ್ಕೆ ಬೀಳಬೇಕಾದ ಏಟು ಹೊಟ್ಟೆಗೆ ಬೀಳುವುದಕ್ಕೆ ಅಷ್ಟೇ ಸಾಕು. ಹಾಗೆ ಗಾಯಗೊಂಡ ಜಿಂಕೆ ಗಂಟೆಗಟ್ಟಲೆ ನರಳುತ್ತದೆಂಬುದನ್ನು ಬಲ್ಲವರು ಯಾರೂ ಈ ವಿಷಯವನ್ನು ಹಗುರವಾಗಿ ಪರಿಗಣಿಸಲಾರರು.

ಹೀಗಾಗಿ ಕಾಂಪೌಂಡ್ ಬಿಲ್ಲಿಗೆಂದು ತಯಾರಾದ ಬ್ರಾಡ್‌ಹೆಡ್ಡನ್ನು, ತೂಕ ಒಂದೇ ಮತ್ತು ತಿರುಪಿನ ಎಳೆ ಹೊಂದುತ್ತದೆ ಎಂಬ ಕಾರಣಕ್ಕೆ ಕ್ರಾಸ್‌ಬೋ ಬೋಲ್ಟಿಗೆ ತಿರುಗಿಸಿ ಹಾಕುವುದು ಸರಿಯಲ್ಲ. ರೇಜ್ ಕಂಪನಿಯ ಹೈಪೊಡರ್ಮಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಅಲಗು, 100 ಗ್ರೇನ್ (ಸುಮಾರು 6.5 ಗ್ರಾಂ) ತೂಕ, 2 ಇಂಚು ಅಗಲ. ಅಲಗುಗಳು ಹಿಂದಕ್ಕೆ ಜಾರುತ್ತಲೇ ಹರಡಿಕೊಳ್ಳುವುದರಿಂದ ಚರ್ಮ ಹೊಗುವಾಗಲೇ ದೊಡ್ಡ ಗಾಯವಾಗುತ್ತದೆ. ಅಲಗುಗಳನ್ನು ಹಿಡಿದಿಡುವುದು ಶಾಕ್ ಕಾಲರ್ ಎಂಬ ಪ್ಲಾಸ್ಟಿಕ್ ಬಳೆ. ಕ್ರಾಸ್‌ಬೋಗೆಂದು ಬೇರೆ, ಹೆಚ್ಚು ಬಿಗಿಯಾದ ಕಾಲರ್ ಇದ್ದು, ಕೊಳ್ಳುವಾಗ ಅದನ್ನೇ ಕೇಳಿ ಪಡೆಯಬೇಕು. ಒಮ್ಮೆ ಹೊಡೆದ ಮೇಲೆ ಕಾಲರ್ ಬದಲಿಸಬೇಕಾಗಿರುವುದು ಈ ವಿನ್ಯಾಸದ ದೌರ್ಬಲ್ಯ. ಮಂದ ಬೆಳಕಿನಲ್ಲಿ, ಕೈಗವಸು ತೊಟ್ಟ ಕೈಗಳಿಂದ ಅಷ್ಟು ಚಿಕ್ಕ ಬಳೆಯನ್ನು ಸರಿಯಾಗಿ ಕೂರಿಸುವುದು ಸುಲಭವಲ್ಲವಾದ್ದರಿಂದ ಹೊಸ ಕಾಲರ್ ಹಾಕಿದ ಬೋಲ್ಟುಗಳನ್ನು ಮನೆಯಲ್ಲೇ ಸಿದ್ಧಪಡಿಸಿಕೊಂಡು ಹೋಗುವುದು ಜಾಣತನ.

ಸ್ವ್ಯಾಕರ್ ಎಂಬ ಇನ್ನೊಂದು ಬ್ರಾಂಡ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದೆ. ಮೊದಲು ಚರ್ಮಕ್ಕೂ ಪಕ್ಕೆಲುಬಿಗೂ ತಾಗುವುದು ಚಿಕ್ಕ ರೆಕ್ಕೆಯಂಥ ಅಂಚುಗಳು. ಮುಖ್ಯ ಅಲಗುಗಳು ಒಳಗೆ ಹೋದ ಮೇಲೆ ತೆರೆದುಕೊಳ್ಳುವುದರಿಂದ, ಕೂದಲು ಮತ್ತು ಮೂಳೆಗೆ ಸಿಕ್ಕಿ ಮೊಂಡಾಗದೆ, ಹರಿತವಾಗಿಯೇ ಶ್ವಾಸಕೋಶವನ್ನು ತಲುಪುತ್ತವೆ. ಆಲೋಚನೆಯೇನೋ ಬಹಳ ಒಳ್ಳೆಯದು. ಆದರೆ ಒಳಹೊಗುವ ರಂಧ್ರ ಚಿಕ್ಕದಾಗಿರುವುದರಿಂದ ರಕ್ತದ ಜಾಡು ಬಹುಪಾಲು ಹೊರಬರುವ ರಂಧ್ರವನ್ನೇ ಅವಲಂಬಿಸಿರುತ್ತದೆ; ಬೋಲ್ಟ್ ಆಚೆ ಬದಿಗೆ ದಾಟದಿದ್ದರೆ ಹುಡುಕಾಟ ಕಷ್ಟವಾಗುತ್ತದೆ.

ಎನ್‌ಎಪಿ ಕಂಪನಿಯ ಸ್ಪಿಟ್‌ಫೈರ್ ಮತ್ತು ಗ್ರಿಮ್ ರೀಪರ್ ಮೂರು ಅಲಗಿನವು, ಅಲಗಿನ ತುದಿ ಮುಂದಿನಿಂದ ಹಿಂದಕ್ಕೆ ಮಗುಚಿ ತೆರೆದುಕೊಳ್ಳುವ ಹಳೆಯ ಮಾದರಿಯವು. ಎರಡರಲ್ಲೂ ರಬ್ಬರ್ ಬ್ಯಾಂಡಿನ ಗೊಡವೆಯಿಲ್ಲ: ಒಂದರಲ್ಲಿ ಲೋಹದ ಕ್ಲಿಪ್, ಇನ್ನೊಂದರಲ್ಲಿ ಒಡಲಿನೊಳಗಿನ ಸ್ಪ್ರಿಂಗ್. ಎದೆಗೂಡಿಗೆ ನೇರವಾಗಿ ಬೀಳುವ ಹೊಡೆತಕ್ಕೆ ಇವು ವಿಶ್ವಾಸಾರ್ಹ. ಓರೆಯಾಗಿ ನಿಂತ ಜಿಂಕೆಗೆ ಹೊಡೆದಾಗ ಮಾತ್ರ ಒಂದು ಅಲಗು ಉಳಿದವಕ್ಕಿಂತ ಮೊದಲೇ ಚರ್ಮಕ್ಕೆ ಸಿಕ್ಕಿ ಬೋಲ್ಟನ್ನು ಪಕ್ಕಕ್ಕೆ ತಿರುಗಿಸುವ ಸಂಭವವಿದೆ.

ಇವುಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಸೆವರ್ ಎಂಬ ಬ್ರಾಂಡ್. ಅದರ ಎರಡು ಅಲಗುಗಳು ತೆರೆದುಕೊಂಡ ಮೇಲೂ ಒಟ್ಟಾಗಿ ಅತ್ತಿತ್ತ ಹೊರಳಬಲ್ಲವು. ಒಂದು ಬದಿ ಮೂಳೆಗೆ ತಗುಲಿದರೆ ಅಲಗುಗಳು ಅದನ್ನು ಬಳಸಿಕೊಂಡು ಹೋಗುತ್ತವೆ, ಬೋಲ್ಟ್ ತನ್ನ ದಿಕ್ಕು ಬಿಡುವುದಿಲ್ಲ. ಬ್ಯಾಂಡ್, ಕಾಲರ್ ಯಾವುದೂ ಬೇಕಿಲ್ಲ. ಇನ್ನೂ ಮುಖ್ಯವಾಗಿ, ಒಂದು ಪುಟ್ಟ ತಿರುಪನ್ನು ಬಿಗಿದು ಅಲಗುಗಳನ್ನು ಮಡಚಿದ ಸ್ಥಿತಿಯಲ್ಲೇ ಕಟ್ಟಿಹಾಕಿ, ಬೇಟೆಗೆ ಒಯ್ಯುವ ಅದೇ ಬ್ರಾಡ್‌ಹೆಡ್ಡಿನಿಂದ ಗುರಿ ಅಭ್ಯಾಸ ಮಾಡಬಹುದು. 1.5, 1.75 ಮತ್ತು 2 ಇಂಚಿನ ಅಳತೆಗಳಿದ್ದು, ಬಹುತೇಕ ಕ್ರಾಸ್‌ಬೋಗಳಿಗೆ ನಾನು ಸೂಚಿಸುವುದು 1.75ನ್ನು.

ಶಕ್ತಿ ಅಷ್ಟೊಂದಿರುವಾಗ 2 ಇಂಚಿಗೇ ಹೋಗಬಾರದೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ಅವರ ಪರವಾಗಿಯೇ ಇದೆ: 400 ಗ್ರೇನ್ ಬೋಲ್ಟ್ ಸೆಕೆಂಡಿಗೆ 400 ಅಡಿ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 142 ಅಡಿ-ಪೌಂಡ್, ಅದೇ ತೂಕದ ಬಾಣ ಕಾಂಪೌಂಡ್ ಬಿಲ್ಲಿನಿಂದ 270 ಅಡಿ ವೇಗದಲ್ಲಿ ಹೊರಟರೆ 65ರಷ್ಟು ಮಾತ್ರ. ಆದರೆ ಈ ಹೆಚ್ಚುವರಿ ಶಕ್ತಿಯನ್ನು ಗಾಯದ ಅಗಲಕ್ಕೇ ಖರ್ಚು ಮಾಡುವುದಕ್ಕಿಂತ, ಬೋಲ್ಟ್ ಆಚೆ ಬದಿಗೆ ದಾಟುವುದನ್ನು ಖಾತರಿಪಡಿಸಿಕೊಳ್ಳಲು ಬಳಸುವುದು ಮೇಲು. ಮರದ ಮೇಲಿನ ಅಟ್ಟಣೆಯಿಂದ ಕೆಳಕ್ಕೆ ಹೊಡೆದಾಗ ಒಳಹೊಗುವ ರಂಧ್ರ ಬೆನ್ನಿನ ಸಮೀಪ ಬೀಳುತ್ತದೆ. ಕೆಳಬದಿಯಲ್ಲಿ ಹೊರರಂಧ್ರವಿಲ್ಲದಿದ್ದರೆ ರಕ್ತವೆಲ್ಲ ಎದೆಗೂಡಿನಲ್ಲೇ ತುಂಬಿಕೊಂಡು, ನೂರು ಗಜದೊಳಗೆ ಸತ್ತು ಬಿದ್ದ ಜಿಂಕೆಗೂ ನೆಲದ ಮೇಲೆ ಜಾಡು ಸಿಗದಂತಾಗುತ್ತದೆ. ಅಲಗು ಅಗಲವಾದಷ್ಟೂ ಹೆಗಲಮೂಳೆಯ ಅಂಚಿಗೋ ದಪ್ಪ ಪಕ್ಕೆಲುಬಿಗೋ ಸಿಕ್ಕಿ ಬಾಗುವ, ಮುರಿಯುವ ಅಪಾಯವೂ ಹೆಚ್ಚು. ಅಗಲವಾದ ಅಲಗು ತಪ್ಪು ಗುರಿಯನ್ನು ಸರಿಪಡಿಸುತ್ತದೆಂಬ ನಂಬಿಕೆಗಂತೂ ಆಧಾರವಿಲ್ಲ. ಎಷ್ಟೇ ವೇಗದ ಬೋಲ್ಟಿಗಿಂತಲೂ ಹೆದೆಯ ಸದ್ದು ಮೊದಲು ಜಿಂಕೆಯ ಕಿವಿ ಮುಟ್ಟುತ್ತದೆ, ಬೆದರಿದ ಜಿಂಕೆ ಓಡಲು ಮೈ ಕುಗ್ಗಿಸಿದಾಗ ಬೋಲ್ಟ್ ಅಂದುಕೊಂಡದ್ದಕ್ಕಿಂತ ಮೇಲೆ ಬೀಳುತ್ತದೆ. ಅದಕ್ಕೆ ಪರಿಹಾರ ಹತ್ತಿರದಿಂದ ಹೊಡೆಯುವುದೇ ಹೊರತು ಅರ್ಧ ಇಂಚಿನ ಹೆಚ್ಚುವರಿ ಅಲಗಲ್ಲ.

ಪೊಟ್ಟಣದ ಮೇಲಿನ ‘ಫೀಲ್ಡ್ ಪಾಯಿಂಟಿನಂತೆಯೇ (ಅಲಗಿಲ್ಲದ, ಅಭ್ಯಾಸದ ಮೊನೆಯಂತೆಯೇ) ಹಾರುತ್ತದೆ’ ಎಂಬ ಭರವಸೆಯನ್ನು ಪರೀಕ್ಷಿಸದೆ ಒಪ್ಪಬಾರದು. ಬ್ರಾಡ್‌ಹೆಡ್ ತಾಳುವ ಫೋಮ್ ಗುರಿಯ ಮೇಲೆ, ತಾವು ಹೊಡೆಯಲಿರುವ ಗರಿಷ್ಠ ದೂರದಿಂದ, ಅಲಗು ಕಟ್ಟಿಹಾಕದ ಒಂದು ಬ್ರಾಡ್‌ಹೆಡ್ಡನ್ನಾದರೂ ಹೊಡೆದು ನೋಡಬೇಕು. ಕಟ್ಟಿಹಾಕಿದ ಅಲಗು ಗುರಿಯನ್ನು ತಿಳಿಸುತ್ತದೆ, ಹಿಡಿತದ ಗಟ್ಟಿತನವನ್ನು ತಿಳಿಸುವುದಿಲ್ಲ. ಬೋಲ್ಟನ್ನು ಮೊನೆಯ ಮೇಲೆ ನಿಲ್ಲಿಸಿ ಬೆರಳಲ್ಲಿ ತಿರುಗಿಸಿದಾಗ ಮೊನೆ ಅಲುಗಾಡಿದರೆ ಆ ಜೋಡಣೆ ಬೇಟೆಗೆ ಯೋಗ್ಯವಲ್ಲ. ರಬ್ಬರ್ ಉಂಗುರ ಬಳಸುವ ಒಂದು ಅಗ್ಗದ ಬ್ರಾಂಡಿನಲ್ಲಿ, ಹಿಂದಿನ ವರ್ಷ ಕೊಂಡಿಟ್ಟಿದ್ದ ಉಂಗುರಗಳು ಚಳಿಗೆ ಬಿರುಕು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಅಂಥವನ್ನು ಬಳಸುವವರು ಪ್ರತಿ ವರ್ಷವೂ ಹೊಸ ಉಂಗುರ ಹಾಕಿಕೊಳ್ಳಲಿ. ಗುರಿಗೋ ಪ್ರಾಣಿಗೋ ಒಮ್ಮೆ ಹೊಡೆದ ಅಲಗು ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಮೂರರ ಪೊಟ್ಟಣಕ್ಕೆ ಸಾಮಾನ್ಯವಾಗಿ 40ರಿಂದ 50 ಡಾಲರ್ ಆಗುತ್ತದೆ. ಕೊಳ್ಳುವ ಮೊದಲು ಆಯಾ ರಾಜ್ಯದ ನಿಯಮಾವಳಿಯನ್ನು ಓದಿಕೊಳ್ಳಬೇಕು: ಹಲವು ರಾಜ್ಯಗಳಲ್ಲಿ ಅಲಗಿನ ಅಗಲ ಕನಿಷ್ಠ 7/8 ಇಂಚು ಇರಬೇಕೆಂಬ ನಿಯಮವಿದೆ. ಮೆಕ್ಯಾನಿಕಲ್ ಅಲಗುಗಳ ವಿಷಯದಲ್ಲೂ ಕ್ರಾಸ್‌ಬೋ ಬಳಸಬಹುದಾದ ಋತುವಿನ ವಿಷಯದಲ್ಲೂ ರಾಜ್ಯಗಳ ನಿಯಮ ಒಂದೇ ತೆರನಾಗಿಲ್ಲ.

ಸೆಕೆಂಡಿಗೆ 300 ಅಡಿಗಿಂತ ಕಡಿಮೆ ವೇಗದ ಹಳೆಯ ಕ್ರಾಸ್‌ಬೋ ಉಳ್ಳವರಿಗೆ ನನ್ನ ಸಲಹೆ ಬೇರೆ. ಆ ವೇಗದಲ್ಲಿ ಸ್ಥಿರ ಅಲಗಿನ ಚಿಕ್ಕ ಬ್ರಾಡ್‌ಹೆಡ್‌ಗಳು ಗಾಳಿಗೆ ಅಷ್ಟಾಗಿ ಸಿಕ್ಕಿಕೊಳ್ಳದೆ ನೇರವಾಗಿ ಹಾರುತ್ತವೆ, ಅಲಗು ತೆರೆಯುವುದಕ್ಕೆಂದು ಶಕ್ತಿಯೂ ವ್ಯಯವಾಗುವುದಿಲ್ಲ. ಅವರು ಮೆಕ್ಯಾನಿಕಲ್ ಬ್ರಾಡ್‌ಹೆಡ್ಡನ್ನೇ ಬಯಸಿದರೆ ಒಂದೂವರೆ ಇಂಚನ್ನು ಮೀರದಿರಲಿ.